ಪ್ರೇಮವ್ವನ ಅರ್ಧ ಗುಳಿಗೆ

ಬ್ಯಾಡಗಿ, 9 ಫೆಬ್ರವರಿ 2006, ಗುರುವಾರ

ಇಂದು ನಾನು ಕಳ್ಳತನ ಮಾಡಿದೆನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಹಳ್ಳಿಯ ಕೆಲಸ ಕಲಿಯಲು ಹಾವೇರಿಯಿಂದ ನನ್ನ ದವಾಖಾನೆಗೆ ಬರುವ ನರ್ಸಿಂಗ್ ವಿದ್ಯಾರ್ಥಿನಿ ಶ್ರೀವಾಣಿಯ ಸ್ಟೆತಸ್ಕೋಪು. ಎದೆಯ ಮಾತನ್ನು ಕದ್ದು ಕೇಳುವ ಯಂತ್ರವನ್ನೇ ಕದ್ದೆ.

"ಇವತ್ತ ಬರೇ ಕಿವಿಲೆ ಕೇಳವಾ. ನನ್ನ ಪೇಶಂಟು ಒಬ್ಬರೂ ಅಳಕೋತ ಹೋಗೂದಿಲ್ಲ, ನೋಡಿ ಕಲಿ" ಎಂದು ಜಂಬ ಕೊಚ್ಚಿಕೊಂಡು, ಪ್ರೇಮವ್ವನ ಮನೆಗೆ ಕಳಿಸಿದೆ. ಪ್ರೇಮವ್ವನ ಬಿ.ಪಿ. ಇಳಿಯಲೊಲ್ಲದು. ಎರಡು ಸಲ ಡೋಸು ಏರಿಸಿದ್ದೆ. ಇಂದು ಮೂರನೆಯ ಸಲ ಏರಿಸುವವನಿದ್ದೆ.

ಶ್ರೀವಾಣಿ ಎರಡು ತಾಸು ಆಕೆಯ ಜೊತೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಸೀನುತ್ತ ಬಂದಳು.

"ಸರ್, ದಿನಾ ಅರ್ಧ ಗುಳಿಗಿ ನೆಗೆಣ್ಣಿಗೆ ಕೊಡ್ತಾಳ್ರಿ. ಆಕಿಗೂ ತಲಿಶೂಲಿ ಅಂತ."

ಮತ್ತೆ ಏರಿಸಿದ್ದರೆ ಆ ಓರಗಿತ್ತಿಯ ಪಾಲಿನ ಅರ್ಧವೂ ಏರುತ್ತಿತ್ತು; ದೊಡ್ಡ ಅನಾಹುತ ತಪ್ಪಿತು. ನಾಳೆ ಇಬ್ಬರೂ ಬರುತ್ತಾರೆ. ಈ ಹುಡುಗಿಗೆ ಎಷ್ಟು ಕೃತಜ್ಞನಾದರೂ ಸಾಲದು.

"ನನಗ್ಯಾಕ ಹೇಳಲಿಲ್ಲಂತ?"

ಶ್ರೀವಾಣಿ ನೆಲ ನೋಡಿದಳು. "'ಹೇಳಾಕ ಬಾಯಿ ತಗದ್ರ ಡಾಕ್ಟ್ರು ಏನರ ಚಾಷ್ಟಿ ಮಾಡಿ ನಗಸ್ತಾರವ್ವ, ನಕ್ಕೋತ ಮನಿಗೆ ಬಂದಬಿಡ್ತೇನಿ' ಅಂದಳ್ರಿ."

ಥ್ಯಾಂಕ್ಸ್ ಹೇಳಲೆಂದು ಬಾಯಿ ತೆರೆದೆ. ಹೊರಗೆ ಬಿದ್ದದ್ದು ಮತ್ತೊಂದು ಚಾಷ್ಟಿ. ಪಾಪ, ಆಕೆಯೂ ನಕ್ಕು ಹಾವೇರಿ ಬಸ್ಸು ಹತ್ತಿದಳು.