ಓಣಿಯೆಲ್ಲಾ ಹೊಗಳಿದ್ದಕ್ಕೆ ಹೋಗುತ್ತಿರುವ ನೌಕರಿ

ಮಾನ್ಯ ಉದ್ಯೋಗ ಮಾರ್ಗದರ್ಶನ ಅಧಿಕಾರಿಗಳೇ,

ನೀವು ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದ್ದಕ್ಕೆ ನನ್ನ ನೌಕರಿ ಕೈತಪ್ಪುತ್ತಿದೆ. ಅದನ್ನು ಉಳಿಸಲು ನಿಮ್ಮಿಂದ ಒಂದು ಪತ್ರ ಬೇಕಿತ್ತು, ನೀವು ಕೊಡಲಿಲ್ಲ. ಕಚೇರಿಯ ಬಾಗಿಲಲ್ಲಿ ನಿಂತು ಕೇಳಿದ್ದಾಯಿತು, ಫೋನಿನಲ್ಲಿ ಕೇಳಿದ್ದಾಯಿತು. ಈಗ ನಾಲ್ಕು ಜನ ಓದುವ ಹಾಗೆ ಕೇಳುತ್ತಿದ್ದೇನೆ. ಸೋಮವಾರ ಸಂಜೆಯವರೆಗೆ ಮಾತ್ರ ಅವಕಾಶವಿದೆ. ಆದ್ದರಿಂದ ತಮ್ಮ ಕ್ಷೇಮ ವಿಚಾರಿಸುವ ವ್ಯವಧಾನ ನನಗಿಲ್ಲ, ಕ್ಷಮಿಸಬೇಕು.

ಜೇವರ್ಗಿಯಲ್ಲಿ ತಾವು ನಡೆಸಿದ ಕಾರ್ಯಾಗಾರ ತಮಗೆ ನೆನಪಿರಬಹುದು. ಆಳಂದ, ಅಫಜಲಪುರದ ಕಡೆಯಿಂದಲೂ ಬಸ್ಸು ಬದಲಿಸಿಕೊಂಡು ಹುಡುಗ ಹುಡುಗಿಯರು ಬಂದಿದ್ದರು. ಅರ್ಜಿ ಹಾಕಿ ಕಾಯುವ ಕಾಲ ಮುಗಿಯಿತು, ಈಗೇನಿದ್ದರೂ ನೆಟ್‌ವರ್ಕಿಂಗ್ ಎಂದು ಅಪ್ಪಣೆ ಕೊಡಿಸಿದಿರಿ. ಉದ್ಯೋಗದ ಜಾಲತಾಣದಲ್ಲಿ ಪ್ರೊಫೈಲ್ ತೆರೆಯಿರಿ, ನಿಮ್ಮನ್ನು ಬಲ್ಲವರಿಂದಲೆಲ್ಲ ಶಿಫಾರಸಿನ ಮಾತು ಬರೆಸಿಕೊಳ್ಳಿ, ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು ಎಂದಿರಿ. ಹಿಂದಿನ ಸಾಲಿನಿಂದ ಅಫಜಲಪುರದ ಜುಬೇರ ಎದ್ದು, "ಸರ್, ನಮ್ಮನ್ನ ಬಲ್ಲವ್ರು ನಮ್ಮ ಓಣಿ ಮಂದಿ ಅಷ್ಟೇ ರೀ, ಅವ್ರೂ ನಡೀತಾರೇನ್ರಿ?" ಎಂದು ಕೇಳಿದ. ಎಲ್ಲರೂ ನಕ್ಕರು. ತಾವು ಮಾತ್ರ ಗಂಭೀರವಾಗಿ, ಅವರೇ ನಿಜವಾದ ನೆಟ್‌ವರ್ಕ್ ಎಂದಿರಿ. ನಾನು ನಂಬಿದೆ. ನಂಬುವುದಕ್ಕೇ ಅಲ್ಲವೇ ಬಂದಿದ್ದು?

ನಾನು ಪ್ರಯೋಗಾಲಯ ತಂತ್ರಜ್ಞೆ. ಓದು ಮುಗಿದು ಮನೆಯಲ್ಲಿ ಕೂತು ಕೂತು ಸಾಕಾಗಿದೆ. ಕಣ್ಣಿಗೆ ಬಿದ್ದವರೆಲ್ಲ "ಏನ್ ಮಾಡಾಕತ್ತೀಯವ್ವಾ ಈಗ?" ಎಂದು ಕೇಳಿದಾಗ ಓಣಿಯನ್ನೇ ಬಿಟ್ಟು ಓಡಿಹೋಗೋಣ ಅನ್ನಿಸುತ್ತದೆ. ಅಂಥದ್ದರಲ್ಲಿ ಸೊಲ್ಲಾಪುರದ ಒಂದು ರಕ್ತ ತಪಾಸಣೆಯ ಲ್ಯಾಬಿನವರು ಫೋನಿನಲ್ಲಿ ಮಾತಾಡಿ, ನನ್ನನ್ನು ಒಪ್ಪಿಕೊಂಡು, ಪ್ರೊಫೈಲಿನ ಕೊಂಡಿ ಕಳಿಸು ಎಂದರು. ನನ್ನ ಪ್ರೊಫೈಲು ಬಿಕೋ ಎನ್ನುತ್ತಿತ್ತು. ತಾವು ಹೇಳಿದ್ದನ್ನು ಮನೆಯಲ್ಲಿ ಹೇಳಿದೆ. ನಮ್ಮ ಅಮ್ಮಿ ಜೈತುನಬಿ, "ಇಷ್ಟೇನಾ? ನಿನ್ನ ಬಗ್ಗೆ ನಾಲ್ಕು ಒಳ್ಳೆ ಮಾತು ಆಡಾಕ ಈ ಓಣಿಗೆ ಬರ ಬಂದದೇನು?" ಎಂದು ಸೆರಗು ಹೊದ್ದು ಹೊರಟೇಬಿಟ್ಟಳು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ತಮಗೆ ತಿಳಿಸಬೇಕು. ಬೀಗತನಕ್ಕೋ ಬಾಡಿಗೆ ಮನೆಗೋ ಪರಊರಿನವರು ಬಂದು "ಆ ಮನಿ ಮಂದಿ ಹ್ಯಾಂಗ್ರಿ?" ಎಂದರೆ, ನಮ್ಮವರು ಮೊದಲು "ಬಂಗಾರದಂಥ ಮಂದಿ" ಎನ್ನುತ್ತಾರೆ, ಆಮೇಲೆ ಯಾರ ಮನೆ ಎಂದು ವಿಚಾರಿಸುತ್ತಾರೆ. ಇದನ್ನು ಸುಳ್ಳು ಎಂದು ಇಲ್ಲಿ ಯಾರೂ ತಿಳಿದಿಲ್ಲ. ನೆರೆಹೊರೆ ಅಂದಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಅಂದು ಎದುರುಮನೆಯ ವತ್ಸಲಾಬಾಯಿಯ ಕಟ್ಟೆ ತುಂಬಿಹೋಯಿತು. ಅವರ ಸೊಸೆ ಅಮಿತಾ ತನ್ನ ಫೋನಿನಲ್ಲೇ ಒಬ್ಬೊಬ್ಬರಿಗೂ ಖಾತೆ ತೆರೆದುಕೊಟ್ಟಳು. ಜಾಲತಾಣ ಕೌಶಲಗಳ ಹೆಸರು ತೋರಿಸುತ್ತಾ ಹೋಯಿತು, ನಮ್ಮವರು ಒಂದನ್ನೂ ಬಿಡದೆ ಹೌದು ಹೌದು ಎಂದು ಒತ್ತುತ್ತಾ ಹೋದರು. ಖಜೂರಿಯಲ್ಲಿ ಲಾರಿ ನಿಲ್ಲಿಸಿ ಬಂದಿದ್ದ ನನ್ನ ಸೋದರಮಾವ ಮುಜಮ್ಮಿಲ ನನಗೆ ಹೃದಯದ ಶಸ್ತ್ರಚಿಕಿತ್ಸೆ ಬರುತ್ತದೆ ಎಂದು ಪ್ರಮಾಣೀಕರಿಸಿದ. ನಾನು ಬೇಡ ಬೇಡ ಎಂದರೆ, "ಇರಲಿ ಬಿಡಬೇ, ಕಮ್ಮಿ ಯಾಕ ಹೇಳಬೇಕು?" ಎಂದ. ಯಾರೋ ಹಡಗು ನಡೆಸುವ ವಿದ್ಯೆಯನ್ನೂ ನನಗೆ ದಯಪಾಲಿಸಿದ್ದಾರೆ. ಭೀಮಾ ನದಿಯಲ್ಲಿ ಎಲ್ಲಿ ನಡೆಸಲಿ ಅದನ್ನು? ವತ್ಸಲಾಬಾಯಿ ಮಾತ್ರ ತನ್ನ ಮಾತನ್ನು ತಾನೇ ಹೇಳಿ ಬರೆಸಿದರು: "ಖಮರ ನನ್ನ ಸಕ್ಕರಿ ಬ್ಯಾನಿ ತಪಾಸ ಮಾಡ್ಯಾಳ. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. ಹುಡುಗಿ ಸುಳ್ಳು ಹೇಳಂಗಿಲ್ಲ."

ಮರುದಿನ ಜಾಲತಾಣದವರು ನನ್ನ ಖಾತೆಯನ್ನೇ ಮುಚ್ಚಿದರು. ಒಂದೇ ಫೋನು, ಒಂದೇ ಸಂಜೆ, ಇಷ್ಟೊಂದು ಹೊಗಳಿಕೆ, ಆದ್ದರಿಂದ ಈ ವ್ಯಕ್ತಿ ನಕಲಿ. ಲ್ಯಾಬಿನವರಿಗೂ ಅದೇ ಅನುಮಾನ. ಆದರೂ ಅಲ್ಲಿಯ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಕಾರ್ಯಾಗಾರ ನಡೆಸಿದ ಅಧಿಕಾರಿಗಳಿಂದ ಒಂದು ಪತ್ರ ತಂದರೆ ನಿನ್ನನ್ನೇ ತೆಗೆದುಕೊಳ್ಳುತ್ತೇವೆ, ಸೋಮವಾರ ದಾಟಿದರೆ ಬೇರೆಯವರನ್ನು ಕರೆಯುತ್ತೇವೆ ಎಂದರು.

ತಮ್ಮ ಬಳಿ ಓಡಿ ಬಂದೆ. ಅದು ಸಾಮಾನ್ಯ ಮಾರ್ಗದರ್ಶನ ಮಾತ್ರ, ವೈಯಕ್ತಿಕವಾಗಿ ಯಾರಿಗೂ ಬರೆದುಕೊಡಲು ಬರುವುದಿಲ್ಲ, ಅಷ್ಟಕ್ಕೂ ನೀವು ಯಾರೆಂದೇ ನನಗೆ ಗೊತ್ತಿಲ್ಲವಲ್ಲ ಎಂದಿರಿ. ಸ್ವಾಮಿ, ತಮ್ಮ ಕಚೇರಿಯ ಫೇಸ್‌ಬುಕ್ ಪುಟದಲ್ಲಿ ತಾವು ಹಾರ ಹಾಕಿಸಿಕೊಂಡ ಫೋಟೊ ಇದೆ. ಕೆಳಗೆ 'ಉದ್ಯೋಗದತ್ತ ಯುವಜನತೆ' ಎಂದು ಬರೆಸಿದ್ದೀರಿ. ತಮ್ಮ ಎಡಗೈ ಪಕ್ಕದಲ್ಲಿ ನಿಂತಿರುವ ಯುವಜನತೆ ನಾನೇ. ಇಡೀ ಜಗತ್ತಿಗೆ ಶಿಫಾರಸಿನ ಮಹಿಮೆ ಸಾರುವವರಿಗೆ, ತಮ್ಮ ಎದುರು ಕೂತು ಪಾಠ ಕೇಳಿದವಳ ಬಗ್ಗೆ ಒಂದು ಸಾಲು ಬರೆಯಲು ಇಷ್ಟೇಕೆ ಕೈನಡುಕ? ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ತಲೆಗೆ ಬಂದೀತೆಂಬ ಭಯವೇ? ವತ್ಸಲಾಬಾಯಿಗೂ ಒಂದು ತಲೆ ಇದೆ. ಆಕೆ ಹೆದರಲಿಲ್ಲ.

ಈಗ ಹೆದರಿದ್ದಾರೆ. ಸುದ್ದಿ ತಿಳಿದು ಮನೆಗೆ ಬಂದು ನನ್ನ ಕೈ ಹಿಡಿದುಕೊಂಡು, "ನನ್ನ ಮಾತೇ ನಿನಗ ಮುಳುವಾಯ್ತೇನ ಯವ್ವಾ? ನಾ ಖರೇನೇ ಹೇಳಿದ್ನಲ್ಲಾ" ಎಂದು ಅತ್ತರು. ನನಗೂ ಅಳು ತಡೆಯಲಾಗಲಿಲ್ಲ. ಮೊನ್ನೆ ನಮ್ಮ ಹಿಂದಿನ ಮನೆಯ ಜಸ್ಮೀನಳನ್ನು ನೋಡಲು ಬಂದ ಬೀಗರ ಕಡೆಯವರು ವತ್ಸಲಾಬಾಯಿಯ ಕಟ್ಟೆಯ ಬಳಿ ನಿಂತು ವಿಚಾರಿಸಿದರೆ, "ನನಗೇನೂ ಗೊತ್ತಿಲ್ರಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮಾತನ್ನು ನಮ್ಮ ಓಣಿಯಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪತ್ರದಲ್ಲಿ ನನ್ನನ್ನು ಹೊಗಳಬೇಡಿ, ಆ ಕೆಲಸ ಬೇಕಾದಷ್ಟು ಆಗಿದೆ. 'ಹೀಗೆ ಮಾಡಿ ಎಂದು ನಾನು ಹೇಳಿದೆ, ಈಕೆ ಮಾಡಿದಳು' ಎಂದು ಬರೆದು ಸಹಿ ಹಾಕಿ ಲ್ಯಾಬಿಗೆ ಕಳಿಸಿ. ಸೋಮವಾರ ದಾಟಿದರೆ ಆ ತೊಂದರೆಯೂ ತಮಗೆ ಬೇಡ. ಮಂಗಳವಾರ ಕೊಳಕೂರಿಗೆ ಬನ್ನಿ, ತಪ್ಪು ನಿಮ್ಮದಲ್ಲ ತಾಯಿ ಎಂದು ವತ್ಸಲಾಬಾಯಿಯ ಎದುರು ನಿಂತು ಹೇಳಿ. ನಾನು ಹೇಳಿದರೆ ಆಕೆ ನಂಬುತ್ತಿಲ್ಲ.

ಇಂತಿ,
ಎಲ್ಲರೂ ಬಲ್ಲ, ತಾವೊಬ್ಬರೇ ಅರಿಯದ
ಖಮರ
ಕೊಳಕೂರ, ಜೇವರ್ಗಿ ತಾಲ್ಲೂಕು