ಧನ್ಯಾಳ ರೈಲು ಕೇಕು

ಹೊಳನಗದ್ದೆ
೧೪-೧೨-೨೦೦೩, ಭಾನುವಾರ

ಸೌ. ಮಂಗಲಾಳಿಗೆ,

ಇಲ್ಲಿ ನಾನು, ನನ್ನ ತಾಯಿ, ಧನ್ಯಾ ಮೂವರೂ ಆರೋಗ್ಯ. ಶುಕ್ರವಾರ ಧನ್ಯಾಗೆ ಆರು ತುಂಬಿತು. ಅದು ಹೇಗೆ ನಡೆಯಿತೆಂದು ತಿಳಿಸಲು ಈ ಪತ್ರ. ನೀನು ಭಟ್ಕಳದ ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ಹೋದ ಈ ಎಂಟು ತಿಂಗಳಲ್ಲಿ ನಾನು ಬರೆಯುತ್ತಿರುವ ಮೊದಲ ಪತ್ರವೂ ಇದೇ. ಹೋಗುವುದಾದರೆ ಮಗುವನ್ನು ಬಿಟ್ಟು ಹೋಗು, ಮತ್ತೆ ಈ ಕಡೆ ಬರಬೇಡ ಎಂದು ಅಂದವನು ನಾನು. ಅದಕ್ಕೆ ಇಲ್ಲಿ ಸಮಜಾಯಿಷಿ ಬರೆಯುವುದಿಲ್ಲ.

ಅವಳಿಗೆ ರೈಲಿನ ಕೇಕೇ ಆಗಬೇಕಿತ್ತು. ಶಾಲೆಯಲ್ಲಿ ಯಾರೋ ಚಿತ್ರ ತೋರಿಸಿದ್ದಾರೆ. ಕುಮಟೆಯ ಬೇಕರಿಯಲ್ಲಿ ಕೇಳಿದೆ. ದುಂಡಗಿನದು, ಚೌಕದ್ದು ಆಗುತ್ತದೆ, ರೈಲು ಆಗುವುದಿಲ್ಲ ಎಂದರು. ಮರದ ರೈಲು ಮಾಡಿಕೊಡುತ್ತೇನೆ ಎಂದು ಮಗಳಿಗೆ ಹೇಳಿದೆ. "ಮರದ್ದು ತಿನ್ಲಿಕ್ಕೆ ಬತ್ತದ್ಯಾ?" ಎಂದಳು. ಬಾಗಿಲು, ಕಿಟಕಿ, ತೊಟ್ಟಿಲು ಮಾಡಿದ ಕೈಗೆ ಇದೇನು ಕಷ್ಟ ಎಂದುಕೊಂಡು ನಾನೇ ಹೊರಟೆ. ಚಹಾ ಬಿಟ್ಟರೆ ನಾನು ಒಲೆಯ ಮೇಲೆ ಏನನ್ನೂ ಇಟ್ಟವನಲ್ಲ, ನಿನಗೆ ಗೊತ್ತು.

ಪಕ್ಕದ ಮನೆಯ ಜಯಶ್ರೀ ವಿಧಾನ ಹೇಳಿಕೊಟ್ಟಳು. ಕುಕ್ಕರಿನ ತಳಕ್ಕೆ ಮರಳು ಹಾಕಿ, ಮುಚ್ಚಳದ ರಬ್ಬರು, ಸೀಟಿ ತೆಗೆದು, ಒಳಗೆ ಹಿಟ್ಟಿನ ಡಬ್ಬಿ ಇಟ್ಟು ಬೇಯಿಸುವುದು. ಮೊಟ್ಟೆಯ ಬದಲು ಮೊಸರು, ಸೋಡಾ. ನಾನು ಕೆಲಸಕ್ಕೆ ಒಯ್ಯುವ ಊಟದ ಡಬ್ಬಿಯ ಅಳತೆ ಬೋಗಿಗೆ ಸರಿಹೋಗುತ್ತಿತ್ತು. ಮೊದಲನೆಯದರ ತಳ ಕರಕಲು, ನಡುವೆ ಹಸಿ ಹಿಟ್ಟು. ಎರಡನೆಯದು ಬೆಂದಿತು, ಆದರೆ ಬಿಸಿಯಲ್ಲೇ ಡಬ್ಬಿಯಿಂದ ಎಬ್ಬಿಸಲು ಹೋಗಿ ಪುಡಿಯಾಯಿತು. ನನ್ನ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಆರ್ಲಿ ಬಿಡಾ. ಅದು ಮರ ಅಲ್ಲ," ಎಂದಳು. ಆರಲು ಬಿಟ್ಟೆ. ಗುರುವಾರ ಸಂಜೆಯ ಹೊತ್ತಿಗೆ ಐದು ತುಂಡು ಸಿದ್ಧವಾದವು. ಮೇಲಿನ ಉಬ್ಬನ್ನು ಸಣ್ಣ ಗರಗಸದಲ್ಲಿ ಕೊಯ್ದು ಸಮ ಮಾಡಿದೆ. ಗರಗಸ ತೊಳೆದಿದ್ದೆ.

ಬೆಣ್ಣೆ, ಸಕ್ಕರೆ ಪುಡಿ ಕಲಸಿ ಮೆತ್ತಿದೆ. ಗಾಲಿಗೆ ಕ್ರೀಮ್ ಬಿಸ್ಕೀಟು, ದೀಪಕ್ಕೆ ಪೆಪ್ಪರಮಿಂಟು. ಎಂಜಿನ್ನಿನ ಮೇಲೆ ಬಾಳೆಹಣ್ಣಿನ ತುಂಡನ್ನು ಹೊಗೆಕೊಳವೆಯಾಗಿ ನಿಲ್ಲಿಸಿದ್ದೆ. "ಕುಮಟೆ ರೈಲಿಗೆ ಹೊಗೆಕೊಳವೆ ಎಲ್ಲದೆ, ಅಪ್ಪಾ? ಅದು ಡೀಸೆಲ್ಲು," ಎಂದಳು. ತೆಗೆದೆ. ಕಿಟಕಿ ಬಿಡಿಸಿದ್ದು ಅವಳೇ. ಎರಡನೆಯ ಬೋಗಿಯ ಕಿಟಕಿಯಲ್ಲಿ ಒಂದು ಗೋಡಂಬಿ ಸಿಕ್ಕಿಸಿ, ಇದು ಅಮ್ಮ ಎಂದಳು.

ಶುಕ್ರವಾರ ಸಂಜೆ ಕೇರಿಯ ಮಕ್ಕಳು ಬಂದರು. ಚಾಕು ಕೊಟ್ಟರೆ ಧನ್ಯಾ ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಆ ಬೋಗಿಗೆ ಅಡ್ಡ ಹಿಡಿದಳು.

"ಇದನ್ನ ಕೊಯ್ದ್ರೆ ಅಮ್ಮ ಎಂತದ್ರಲ್ಲಿ ಬತ್ತಾಳೆ?"

ಮಕ್ಕಳು ನಕ್ಕರು. ಅಮ್ಮನಿಗೆ ರಜೆ ಸಿಕ್ಕಿಲ್ಲ, ಬರುವುದಿಲ್ಲ ಎಂದೆ. ಅವಳು ಅಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಬೆಣ್ಣೆ ಅವಳ ಬೆರಳಸಂದಿಯಿಂದ ಇಳಿಯುತ್ತಿತ್ತು. ನೀನು ಕೆಲಸಕ್ಕೆ ಹೋಗುವುದು ನನಗಿಂತಲೂ ಹೆಚ್ಚು ಬೇಡವಾಗಿದ್ದದ್ದು ನನ್ನ ತಾಯಿಗೆ. ಅವಳೇ ನನ್ನ ಕೈಯಿಂದ ಚಾಕು ತೆಗೆದು ಒಳಗಿಟ್ಟು ಬಂದಳು. "ಆತು. ಯಾರೂ ಕೊಯ್ಯೂದಿಲ್ಲ. ಮಕ್ಕಳಿಗೆ ಅವಲಕ್ಕಿ ಕೊಡು," ಎಂದಳು. ಮಕ್ಕಳು ಅವಲಕ್ಕಿ ತಿಂದು, ಕೇಕಿನ ಕಡೆ ತಿರುಗಿ ತಿರುಗಿ ನೋಡುತ್ತ ಹೋದರು.

ಶನಿವಾರ ಬೆಳಿಗ್ಗೆ ಎಂಜಿನ್ನಿಗೆ ಇರುವೆ ಹತ್ತಿತ್ತು. ಆಗ ನನ್ನ ತಾಯಿ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ಅಮ್ಮನಿಗೆ ಬರಲಾಗದಿದ್ದರೆ ಅಪ್ಪ ನಿನ್ನನ್ನು ಕರೆದುಕೊಂಡು ಹೋಗುತ್ತಾನೆ ಎಂದಳು. ಧನ್ಯಾ ನನ್ನ ಮುಖ ನೋಡಿದಳು. ಆತು ಎಂದೆ. ಆಮೇಲೆ ಧನ್ಯಾಳೇ ಎಂಜಿನ್ನು ಬಿಟ್ಟು ಉಳಿದ ಕೇಕು ತುಂಡು ಮಾಡಿ ಮನೆಮನೆಗೆ ಹಂಚಿ ಬಂದಳು. ಚೆನ್ನಾಗಿತ್ತೆಂದು ಜಯಶ್ರೀ ಹೇಳಿದಳು. ನನಗೆ ಸೋಡಾ ಹೆಚ್ಚಾದಂತೆ ಕಂಡಿತು.

ಬರುವ ಭಾನುವಾರ ನಾವಿಬ್ಬರೂ ರೈಲಿನಲ್ಲಿ ಭಟ್ಕಳಕ್ಕೆ ಬರುತ್ತೇವೆ. ಅವಳನ್ನು ಈಗಲೇ ನಿನ್ನ ಹತ್ತಿರ ಇಟ್ಟುಕೊಳ್ಳುವೆಯೋ, ಪರೀಕ್ಷೆ ಮುಗಿಯುವವರೆಗೆ ಇಲ್ಲಿರಲಿ ಎನ್ನುವೆಯೋ, ನೀನು ಹೇಳಿದ ಹಾಗೆ. ಕೆಲಸ ಬಿಡು ಎಂದು ನಾನು ಇನ್ನು ಕೇಳುವುದಿಲ್ಲ.

ಇಂತಿ,
ಶ್ರೀಕೃಷ್ಣ

ತಾ. ಕ.: ರಜೆ ಸಿಕ್ಕಿಲ್ಲ ಎಂದದ್ದು ನಾನು ಹೇಳಿದ ಸುಳ್ಳು. ಎರಡು ದಿನ ರಜೆ ಇದೆ, ಹುಟ್ಟುಹಬ್ಬಕ್ಕೆ ಬರಲೇ ಎಂದು ನೀನು ಬರೆದ ಕಾಗದ ಸೋಮವಾರವೇ ಕೈಸೇರಿತ್ತು. ಉತ್ತರ ಕೊಡದೆ ಉಳಿಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಅದನ್ನು ಧನ್ಯಾಗೆ ಓದಿ ಹೇಳಿದೆ. ಆಗಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ನೀನು ಸ್ಟೇಷನ್ನಿಗೆ ಬಾ. ಅವಳು ಇಳಿದು ನಿನ್ನ ಹತ್ತಿರ ಬರುತ್ತಾಳೆ. ನಾನು ಅಲ್ಲೇ ಬೆಂಚಿನ ಮೇಲೆ ಕೂತಿರುತ್ತೇನೆ. ಕರೆದರೆ ಬರುತ್ತೇನೆ.