ಜಲಜಕ್ಕನ ಹತ್ತೊಂಬತ್ತು ದಿನ

ನಡುಬೇಸಿಗೆ ತಿಂಗಳ ಹನ್ನೊಂದು, ೨೧೫೮
ವಿಜಯಪುರ

ನಿಮ್ಮ ಕಾಲದಲ್ಲಿ ಹಿರಿಯರನ್ನು ನೋಡಿಕೊಳ್ಳುತ್ತಿರುವವರಿಗೆ,

ಮೇಲೆ ಬರೆದ ತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ. ಬಿಸಿಲು ಮುಗಿಯದೇ ಹೋದಾಗ ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು ನಾವು ಇದನ್ನು ಮಾಡಿಕೊಂಡೆವು. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ.

ನಾನು ಇಂದುಮತಿ ಬಿರಾದಾರ. ಎಪ್ಪತ್ತು ದಾಟಿದವರು ಕಾಯ್ದೆಯಂತೆ ಬಂದು ಇರಬೇಕಾದ ಮನೆಗೆ ನಾವು ಆಸರೆಮನೆ ಎನ್ನುತ್ತೇವೆ. ಅಲ್ಲಿ ಮೂವತ್ತೊಂದು ವರ್ಷ ದಾದಿಯಾಗಿದ್ದೆ. ಕೆಟ್ಟ ಜಾಗವೆಂದು ತಿಳಿಯಬೇಡಿ. ನೆಲ ಕನ್ನಡಿಯಂತಿರುತ್ತದೆ, ದಿನಕ್ಕೆರಡು ಬಾರಿ ಹಾಸಿಗೆ ಬದಲಾಗುತ್ತದೆ, ಬಿಸಿ ರೊಟ್ಟಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಪ್ರತಿ ಹಾಸಿಗೆಯ ತಲೆಯ ಕಡೆ ಕಿವಿಗೋಡೆ ಇದೆ. ಮಲಗಿದವರು ಹೇಳಿದ್ದನ್ನು ಅದು ಕೇಳಿಸಿಕೊಂಡು, ಅರ್ಥ ಬರೆದು, ಏನು ಮಾಡಬೇಕೆಂದು ನಮಗೆ ತಿಳಿಸುತ್ತದೆ. ಅದು ಬಂದ ಮೇಲೆ ಒಬ್ಬ ದಾದಿಗೆ ನೂರು ಹಾಸಿಗೆ ಎಂದು ನಿಗದಿಯಾಯಿತು.

ಸಮುದ್ರ ಒಳಗೆ ಬಂದ ವರ್ಷಗಳಲ್ಲಿ ಕರಾವಳಿಯ ಬಹಳ ಜನ ಈ ಕಡೆಗೆ ಬಂದು ನೆಲೆಸಿದರು. ಜಲಜಕ್ಕ ಅವರಲ್ಲಿ ಒಬ್ಬರು. ನಲವತ್ತು ವರ್ಷ ನಮ್ಮ ಸಂತೆಯಲ್ಲಿ ಒಣಮೀನು ಮಾರಿದವರು, ನಮ್ಮ ಮಾತನ್ನು ನಮಗಿಂತ ಜೋರಾಗಿ ಆಡುತ್ತಿದ್ದವರು. ಎಂಬತ್ತೊಂದರಲ್ಲಿ ಮರೆವು ಹತ್ತಿತು. ಮೊದಲು ಮಕ್ಕಳ ಹೆಸರು ಹೋಯಿತು. ಆಮೇಲೆ ಕನ್ನಡ ಪೂರ್ತಿ ಹೋಗಿ, ಹುಟ್ಟಿನಿಂದ ಬಂದ ತುಳು ಮಾತ್ರ ಉಳಿಯಿತು. ಕಿವಿಗೋಡೆಗೆ ತುಳು ಕಲಿಸಿರಲಿಲ್ಲ. ಆಡುವವರು ಕಡಿಮೆ ಎಂದು ಬಿಟ್ಟಿದ್ದರು.

ಒಂದು ಬೆಳಿಗ್ಗೆ ಅವರು "ಬಂಜಿ ಬೇನೆ, ಬಂಜಿ ಬೇನೆ" ಎಂದು ಶುರುಮಾಡಿದರು. ಗೋಡೆ ಹತ್ತಿರದ ಕನ್ನಡ ಪದವನ್ನು ಹಿಡಿದು ಬರೆಯಿತು: "ಬಂಜೆಯ ಬೇನೆ. ಮಕ್ಕಳಿಲ್ಲದ ಕೊರಗು. ಸಮಾಧಾನದ ಹನಿ ಕೊಡಿ." ಅದು ಮಂಪರು ತರಿಸುವ ಔಷಧಿ. ಅವರು ಮೂರು ಹೆತ್ತವರೆಂದು ನನಗೆ ಗೊತ್ತಿತ್ತು. ಮರೆತಿರಬೇಕು ಅಂದುಕೊಂಡೆ. ನನ್ನ ಕೈಯಾರೆ ಹನಿ ಹಾಕಿದೆ. ರೊಟ್ಟಿ ದೂಡಿದರೆ ಗೋಡೆ "ಹಠ" ಎಂದು ಬರೆಯುತ್ತಿತ್ತು. ನಾನೂ ಬೈದೆ, "ಯಾಕ ಆಯಿ, ಒಂದು ತುತ್ತು ತಿನ್ನಾಕ ಏನಾಗ್ಯದ ನಿಮಗ?"

ಏನಾಗಿದೆಯೆಂದು ಅವರು ಹೇಳುತ್ತಲೇ ಇದ್ದರು.

ಹತ್ತೊಂಬತ್ತನೆಯ ದಿನ ಪಕ್ಕದ ಹಾಸಿಗೆಗೆ ಕರಾವಳಿಯ ಬ್ಯಾರಿ ಸಮುದಾಯದ ಒಬ್ಬ ಹೆಂಗಸು ಬಂದರು. ಅವರ ಗಂಡ ಹಮ್ಮಬ್ಬ ಚೀಲ ಕೆಳಗಿಟ್ಟವರು ಹಾಗೇ ನಿಂತುಬಿಟ್ಟರು.

"ಏನಮ್ಮಾ, ಇವರು ಹೊಟ್ಟೆನೋವು ಅಂತ ಬೊಬ್ಬೆ ಹೊಡೀತಾ ಇದ್ದಾರಲ್ಲ, ನಿಮಗೆ ಕೇಳುವುದಿಲ್ಲವಾ?"

"ಹೊಟ್ಟೆನೋವಾ?"

"ಬಂಜಿ ಅಂದರೆ ಹೊಟ್ಟೆ. ನಮ್ಮೂರಿನ ಸಣ್ಣ ಮಗುವಿಗೂ ಗೊತ್ತು."

ನನ್ನ ಕೈಯಲ್ಲಿ ಆ ಹೊತ್ತಿನ ಹನಿಯ ಬಾಟಲಿ ಇತ್ತು. ವೈದ್ಯರು ಓಡಿಬಂದು ಹೊಟ್ಟೆ ಮುಟ್ಟಿ ನೋಡಿದರು. ದಿನದಿಂದ ದಿನಕ್ಕೆ ಬಿಗಿಯುತ್ತ ಬಂದ ಕರುಳು ಈಗ ಪೂರ್ತಿ ಸಿಕ್ಕಿಕೊಂಡು ಕೊಳೆತಿತ್ತು. "ವಾರದ ಹಿಂದಾದರೂ ಕರೆದಿದ್ದರೆ..." ಎನ್ನುತ್ತ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡರು.

ಜಲಜಕ್ಕ ಇನ್ನೂ ಎರಡು ದಿನ ಇದ್ದರು. ಹಮ್ಮಬ್ಬ ಮಗ್ಗುಲಲ್ಲಿ ಕೂತು ತುಳುವಿನಲ್ಲಿ ಮಾತಾಡಿಸುತ್ತಿದ್ದರು, ಚಮಚದಲ್ಲಿ ಗಂಜಿತಿಳಿ ಕುಡಿಸುತ್ತಿದ್ದರು. ಕೊನೆಯ ಮಧ್ಯಾಹ್ನ ಜಲಜಕ್ಕ ಏನೋ ಕೇಳಿದರು, ಹಮ್ಮಬ್ಬ ಅವರ ಹೊದಿಕೆ ಸರಿಮಾಡತೊಡಗಿದರು. ಏನಂದರು ಕಾಕಾ ಎಂದು ನಾನು ಒತ್ತಾಯ ಮಾಡಿದ ಮೇಲೆ ಹೇಳಿದರು: "ಇಷ್ಟು ದಿನ ಇಲ್ಲಿ ಮನುಷ್ಯರು ಯಾರೂ ಇರಲಿಲ್ಲವಾ ಅಂತ ಕೇಳುತ್ತಿದ್ದಾರೆ."

ನಾನು ಅವರ ಕಾಲ ಬಳಿಯೇ ನಿಂತಿದ್ದೆ.

ಆಮೇಲೆ ಮೇಲಿನವರಿಗೆ ಬರೆದೆ: ತುಳು, ಬ್ಯಾರಿ, ಲಂಬಾಣಿ ಬಲ್ಲವರನ್ನು ವಾರಕ್ಕೊಮ್ಮೆಯಾದರೂ ಕರೆಸಿ, ಅವರವರ ಊಟ ಕೊಡಿ, ಬಂದವರ ಮನೆಮಾತು ಯಾವುದೆಂದು ಮೊದಲ ದಿನವೇ ಕೇಳಿ. ಉತ್ತರ ಬಂತು: "ಗೋಡೆ ತೃಪ್ತಿಕರವಾಗಿದೆ." ಕಳೆದ ತಿಂಗಳು ಇನ್ನೊಂದು ಆದೇಶ ಬಂತು. ಮುಂದಿನ ಯುಗಾದಿಯಿಂದ ದೇಶದ ಗೋಡೆಗಳಿಗೆಲ್ಲ ಒಂದೇ ಭಾಷೆಯಂತೆ. ಅದು ಕನ್ನಡವಲ್ಲ. ಆಡುವವರು ಕಡಿಮೆ ಎಂಬುದೇ ಕಾರಣ.

ನನಗೀಗ ಅರವತ್ತೊಂಬತ್ತು. ಹೊಸ ಗೋಡೆಯೊಂದನ್ನು ನಮ್ಮಲ್ಲಿ ತಂದು ನಿಲ್ಲಿಸಿದ್ದಾರೆ. ಹತ್ತಿರ ಹೋಗಿ, ನೋವಾದಾಗ ನಾವು ಅನ್ನುವಂತೆ "ಯವ್ವಾ" ಅಂದೆ. "ತಾಯಿಯ ನೆನಪು. ಚಿಕಿತ್ಸೆ ಬೇಡ" ಎಂದು ತನ್ನ ಭಾಷೆಯಲ್ಲಿ ಬರೆಯಿತು.

ನಿಮಗೆ ಇನ್ನೂ ಸಮಯವಿದೆ. ನಿಮ್ಮ ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಬೇರೆ ಮನೆಮಾತಿನ ಅಜ್ಜ ಅಜ್ಜಿಯರಿದ್ದಾರೆ. ಇವತ್ತೇ ಅವರ ಪಕ್ಕ ಕೂತು, ನೋವಿಗೆ, ಬಾಯಾರಿಕೆಗೆ, ಭಯಕ್ಕೆ ಏನನ್ನುತ್ತೀರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಪ್ರಶ್ನೆ ಅವರಿಗೆ ಅರ್ಥವಾಗುವಷ್ಟು ದಿನ ಮಾತ್ರ ನೀವು ಕೇಳಬಲ್ಲಿರಿ.

ಇಂದುಮತಿ